ಹಾರ ಹಾಕಿಸಿಕೊಂಡ ಮಂಚ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗನಾದ್ದರಿಂದ, ಸಮಾಜಸೇವೆ ಎಂಬ ಮಾತನ್ನು ಯಾರಾದರೂ ಎತ್ತಿದರೆ ಇಲ್ಲವೆನ್ನುವ ಧೈರ್ಯ ನನಗಿರಲಿಲ್ಲ. ಊರಿನ ಅಂಧ ಬಾಲಕಿಯರ ವಸತಿನಿಲಯದಲ್ಲಿ ಮಳೆಗಾಲ ಬಂದರೆ ನೆಲ ಜಿನುಗುತ್ತಿತ್ತು. ಮಕ್ಕಳು ಒದ್ದೆ ಚಾಪೆಯ ಮೇಲೆ ಮಲಗಿ ಕೆಮ್ಮುತ್ತಿದ್ದರು. ಅವರಿಗೆ ಮಂಚ ಕೊಡಿಸಲು ಸೇವಾಸಂಘವೊಂದು ಓಟ ಏರ್ಪಡಿಸಿತು. ಶ್ರವಣಬೆಳಗೊಳದಿಂದ ಚನ್ನರಾಯಪಟ್ಟಣದವರೆಗೆ ನಾನು ಎಲ್ಲಿಯೂ ನಿಲ್ಲದೆ ಓಡಿದರೆ, ಪೇಟೆಯ ಅಂಗಡಿಯವರು ತಲಾ ಒಂದು ಮಂಚದ ಹಣ ಕೊಡುವುದೆಂದು ಮಾತಾಗಿತ್ತು.

ಉಪನ್ಯಾಸಕನಿಗೆ ಚಡ್ಡಿ ಶೋಭಿಸದೆಂದು ಬಿಳಿ ಪ್ಯಾಂಟಿನಲ್ಲೇ ಓಡಿದೆ. ಊರಂಚಿನ ಅಕ್ಕಿ ಗಿರಣಿಯ ಬಳಿ ಸಂಘದ ಕಾರ್ಯದರ್ಶಿ ಸ್ಕೂಟರನ್ನು ಅಡ್ಡ ತಂದರು.

"ನಿಂತ್ಕಳಿ ಸಾ. ಮುಖ್ಯ ಅತಿಥಿಗಳು ಈಗ ಶಾಂತಿಗ್ರಾಮ ದಾಟವ್ರಂತೆ. ಅವರಿಲ್ದೆ ನೀವು ಓಗಿ ಮುಟ್ಬುಟ್ರೆ ಸ್ವಾಗತ ಮಾಡೋರ್ಯಾರು?"

"ನಿಂತರೆ ಮಂಚಗಳು ಕೈತಪ್ಪುತ್ತವಲ್ಲ?"

"ಅದುಕ್ಕೇನ್ ಸಾ, ಗಿರಣಿ ಅಂಗಳದಾಗೇ ಸುತ್ತು ಒಡೀತಿರಿ. ಓಡ್ತಾನೇ ಇದ್ದಂಗಾಯ್ತದೆ."

ಹೊಟ್ಟಿನ ರಾಶಿಯನ್ನು ಸುತ್ತತೊಡಗಿದೆ. ಮುಗ್ಗಿದ ತವುಡಿನ ವಾಸನೆ ಗಂಟಲಿಗಿಳಿಯಿತು. ಬೆವರಿಗೆ ಹೊಟ್ಟು ಮೆತ್ತಿಕೊಂಡಿತು. ಮೂಟೆ ಹೊರುವವರು ಕೆಲಸ ಬಿಟ್ಟು ನಿಂತರು.

"ಲೇ, ಗಾಣದೆತ್ತು ನೋಡ್ಲಾ. ಪ್ಯಾಂಟಾಕ್ಕಂಡದೆ."

ಕೊನೆಗೂ ಅತಿಥಿಗಳ ಕಾರು ಬಂತು. ಅದರ ಹಿಂದೆಯೇ ನಾನು ಪೇಟೆಯಲ್ಲಿ ಹಾಕಿದ್ದ ವೇದಿಕೆಯವರೆಗೆ ಓಡಿದೆ. ವೇದಿಕೆಯ ಸಮೀಪದಲ್ಲಿ ಇಳಿದ ಅತಿಥಿ, ಛಾಯಾಗ್ರಾಹಕನಿಗೋಸ್ಕರ ನನ್ನ ಮುಂದೆ ನಾಲ್ಕು ಹೆಜ್ಜೆ ಓಡಿ, ತಾವೇ ದಣಿದವರಂತೆ ಹಣೆಯೊರೆಸಿಕೊಂಡರು. ಅವರ ಮೈಯಿಂದ ಪೌಡರಿನ ಪರಿಮಳ ಸೂಸುತ್ತಿತ್ತು. ಬೆವರುತ್ತಿದ್ದ ಮೈಮೇಲೆ ಶಾಲು ಹೊದಿಸಿ, ತಲೆಗೆ ಪೇಟವಿಟ್ಟರು. ಆಗಲೇ ಹಲವು ಗಣ್ಯರ ತಲೆ ಹತ್ತಿಳಿದಿದ್ದ ಬಾಡಿಗೆ ಪೇಟ. ಅದರ ಒಳಅಂಚು ಎಣ್ಣೆಜಿಡ್ಡಿನಿಂದ ಅಂಟುತ್ತಿತ್ತು. ಚಿತ್ರ ತೆಗೆದ ಕೂಡಲೇ ಅದನ್ನು ಕಿತ್ತು ಪಕ್ಕದವರ ತಲೆಗಿಟ್ಟರು.

ವೇದಿಕೆಯ ಮುಂದೆ ಸೇವಂತಿಗೆ ಹಾರ ಹಾಕಿದ ಒಂದೇ ಒಂದು ಕಬ್ಬಿಣದ ಮಂಚವಿತ್ತು. ದಾನಿಗಳು ಸರದಿಯಂತೆ ಬಂದು ಅದೇ ಮಂಚವನ್ನು ಮುಟ್ಟಿ, ದಾನ ಕೊಟ್ಟ ಭಂಗಿಯಲ್ಲಿ ಚಿತ್ರ ತೆಗೆಸಿಕೊಂಡರು. ಬಿಸಿಲಲ್ಲಿ ನಿಂತಿದ್ದ ಹುಡುಗಿಯರಿಂದ ಪ್ರತಿಯೊಬ್ಬರಿಗೂ ಕೈಮುಗಿಸಲಾಯಿತು. ಭಾಷಣ ಮುಗಿದದ್ದೇ ತಡ, ಪೀಠೋಪಕರಣದ ಅಂಗಡಿಯ ಆಳುಗಳು ಹಾರವನ್ನು ಪಕ್ಕಕ್ಕೆಸೆದು ಮಂಚವನ್ನು ಲಗೇಜು ಆಟೋಗೆ ಹೇರಲು ಬಂದರು.

ವಸತಿನಿಲಯದ ಮೇಲ್ವಿಚಾರಕಿ ಇಬ್ಬರು ಹುಡುಗಿಯರ ಕೈ ಹಿಡಿದು ಅದರ ಮೇಲೆ ಕುಳಿತುಬಿಟ್ಟರು.

"ಏಳಿ ಅಮ್ಮಾವ್ರೆ, ಇದು ಬರೀ ಸ್ಯಾಂಪಲ್ಲು," ಎಂದರು ಕಾರ್ಯದರ್ಶಿ. "ಮಿಕ್ಕವು ಆಮ್ಯಾಕೆ ಬತ್ತವೆ."

"ಅವು ಬಂದ್ ದಿವ್ಸ ಇದುನ್ನ ಎತ್ಕಂಡೋಗಿ."

ಕಾರ್ಯದರ್ಶಿ ನನ್ನತ್ತ ತಿರುಗಿದರು. "ನೀವಾದ್ರೂ ಯೋಳಿ ಸಾ, ಓದಿರೋರು."

ವಾರದಿಂದ ತಿದ್ದಿ ತಿದ್ದಿ ಬರೆದಿದ್ದ ವಂದನಾ ಭಾಷಣ ಜೇಬಿನಲ್ಲಿ ಬೆವರಿಗೆ ನೆನೆದು ಮುದ್ದೆಯಾಗಿತ್ತು. ನಾನು ಹೊಟ್ಟು ಮೆತ್ತಿದ ಪ್ಯಾಂಟಿನಲ್ಲೇ ಮಂಚದ ತುದಿಯಲ್ಲಿ ಕುಳಿತೆ.

ಆ ಒಂದು ಮಂಚ ವಸತಿನಿಲಯ ಸೇರಿತು, ಮಿಕ್ಕ ಮಂಚಗಳು ಬರಲಿಲ್ಲ. ಕೇಳಲು ಹೋದಾಗ ಅಂಗಡಿಯವರೊಬ್ಬರು, "ಗಿರಣಿ ತಾವ ಒಂದೇ ಕಡೆ ಸುತ್ತಾಕಿದ್ದು ಓಟ ಆಯ್ತದಾ ಸಾ?" ಎಂದು ನಕ್ಕರು. ಆ ಮಳೆಗಾಲದಲ್ಲಿ ಕೆಮ್ಮು ಹೆಚ್ಚಿದ ಮಕ್ಕಳು ಇದ್ದೊಂದು ಮಂಚದ ಮೇಲೆ ಅಡ್ಡಡ್ಡ ಮಲಗುತ್ತಿದ್ದರು. ಅದರ ಮೇಲಿನ ಗೋಡೆಯಲ್ಲಿ, ದಾನಿಗಳೆಲ್ಲ ಮಂಚ ಮುಟ್ಟಿ ನಿಂತಿರುವ ಚಿತ್ರಗಳನ್ನು ಸಂಘದವರು ಕಟ್ಟು ಹಾಕಿಸಿ ತೂಗುಹಾಕಿದ್ದರು, ಕಣ್ಣು ಕಾಣದ ಆ ಮಕ್ಕಳ ಕೋಣೆಯಲ್ಲಿ.