ಘಾಟು ಬರಬಾರದ ಮೆಣಸಿನಕಾಯಿ

ನಲವತ್ತೊಂಬತ್ತು ವರ್ಷ ನಾನು ಚಿಂತೆ ಮಾಡಿದ್ದೆಲ್ಲ ತಪ್ಪು ವಿಷಯಗಳ ಬಗ್ಗೆ. ಗ್ಯಾಸ್ ಸಿಲಿಂಡರ್, ಸಕ್ಕರೆ ಕಾಯಿಲೆ, ಶಿರಹಟ್ಟಿಯ ನಮ್ಮ ಕಚೇರಿಯ ಬಿರುಕು ಬಿಟ್ಟ ಛಾವಣಿ, ದಿನಾ ಹತ್ತುವ ಬಸ್ಸಿನ ಬ್ರೇಕು, ಒಂದನ್ನೂ ಬಿಟ್ಟಿರಲಿಲ್ಲ. ರಸ್ತೆಯ ಮೇಲೆ ಹರವಿದ ಹುರುಳಿಯನ್ನು ಮಾತ್ರ ಬಿಟ್ಟಿದ್ದೆ. ರಾಶಿಯ ಕಾಲದಲ್ಲಿ ನಮ್ಮ ಕಡೆ ಹುರುಳಿ ಬಳ್ಳಿಯನ್ನು ಡಾಂಬರಿನ ಮೇಲೆ ಹಾಸುತ್ತಾರೆ. ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಲಕ್ಷ್ಮೇಶ್ವರದಲ್ಲಿ ಒಂದು ನಿಶ್ಚಯ ಕಾರ್ಯ ಮುಗಿಸಿ ಬೆಟಗೇರಿಯ ಮನೆಗೆ ಬರುವಾಗ, ಹರ್ತಿಯ ಹತ್ತಿರ ನನ್ನ ಬೈಕು ಆ ಬಳ್ಳಿಯ ಮೇಲೆ ಜಾರಿತು. ಹೆಲ್ಮೆಟ್ಟಿಗೆ ಒಂದು ಗೀರೂ ಬೀಳಲಿಲ್ಲ. ಅದು ಹ್ಯಾಂಡಲ್ಲಿಗೆ ನೇತಾಡುತ್ತಿತ್ತು. ತಲೆ ಬೆವತು ನೆಗಡಿಯಾದೀತೆಂದು ತೆಗೆದು ಅಲ್ಲಿ ಹಾಕಿದ್ದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಲೆಬುರುಡೆ ತೆರೆದು, ಹೆಪ್ಪುಗಟ್ಟಿದ ರಕ್ತ ತೆಗೆದು, ಮುಚ್ಚಿ ಕಳಿಸಿದರು. ಮನೆಗೆ ಬಂದಾಗ ಎಡಗೈ ನಡುಗುತ್ತಿತ್ತು, ‘ಚಮಚ’ ಅನ್ನುವ ಮಾತು ನೆನಪಿಗೆ ಬರಲು ಊಟವೇ ಮುಗಿಯಬೇಕಿತ್ತು, ಮತ್ತು ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ವಾಸನೆಯ ನರದ ಎಳೆಗಳು ಪೆಟ್ಟಿಗೆ ಹರಿದಿವೆ, ಕೂಡಿದರೆ ಕೂಡಬಹುದು ಎಂದಿದ್ದರು ಡಾಕ್ಟರು. ಮನೆಯ ಮುಂದಿನ ಗಟಾರ ತುಂಬಿ ಹರಿದ ವಾರ ಓಣಿಯಲ್ಲಿ ನೆಮ್ಮದಿಯಿಂದ ಚಹಾ ಕುಡಿದವನು ನಾನೊಬ್ಬನೇ.

ಎರಡನೆಯ ತಿಂಗಳು ಮೂಗು ತಿರುಗಿ ಬಂತು. ಬಾರದಿದ್ದರೆ ಚೆನ್ನಾಗಿತ್ತು.

ಅಂದು ಬೆಳಿಗ್ಗೆ ಹೆಂಡತಿ ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹುರಿಯುತ್ತಿದ್ದಳು. ಪಡಸಾಲೆಯಲ್ಲಿ ಕೂತಿದ್ದ ನನಗೆ ಜೋಳದ ಚೀಲದ ಕೆಳಗೆ ಇಲಿ ಸತ್ತು, ಅದನ್ನು ಯಾರೋ ಸೈಕಲ್ ಟೈರಿನ ಜೊತೆ ಸುಡುತ್ತಿರುವಂತೆ ನಾತ ಬಂತು. ಎದ್ದು ಚೀಲ ಸರಿಸಿದೆ, ಕಪಾಟಿನ ಹಿಂದೆ ಕೋಲಾಡಿಸಿದೆ. ಇಲಿ ಇರಲಿಲ್ಲ. ಉಪ್ಪಿಟ್ಟು ತಟ್ಟೆಯಲ್ಲಿ ಮುಂದೆ ಬಂದಾಗ ಇಲಿ ಎಲ್ಲಿದೆಯೆಂದು ತಿಳಿಯಿತು.

ಅಂದಿನಿಂದ ಎಲ್ಲವೂ ಅದೇ. ಬೆಳ್ಳುಳ್ಳಿ ಇಲಿ, ಚಹಾ ಇಲಿ, ಬದನೆಕಾಯಿ ಎಣ್ಣೆಗಾಯಿ ಇಲಿಯ ಮನೆತನವೇ. ಹಲ್ಲುಜ್ಜುವ ಪೇಸ್ಟು ಬಾಯೊಳಗೆ ನೊರೆಯಾಗಿ ಕೊಳೆಯುತ್ತಿತ್ತು. ನನ್ನ ಬೆವರೇ ನನಗೆ ಓಕರಿಕೆ ತರುತ್ತಿತ್ತು. ನನ್ನಿಂದ ದೂರ ಕೂರಲು ನನಗೆ ಜಾಗವಿರಲಿಲ್ಲ. ತಣ್ಣಗಿನ ಜೋಳದ ರೊಟ್ಟಿ, ಮೊಸರು, ಸೌತೆಕಾಯಿ ಇಷ್ಟೇ ಗಂಟಲಲ್ಲಿ ಇಳಿಯುತ್ತಿದ್ದವು. ಉಳಿದದ್ದನ್ನು ಬಾಯಲ್ಲಿಟ್ಟುಕೊಂಡು ಹಿತ್ತಲಿಗೆ ಓಡಿ, ಪೇರಲ ಗಿಡದ ಬುಡಕ್ಕೆ ಉಗಿದು ಬರುತ್ತಿದ್ದೆ. ಗಿಡ ಮಾತ್ರ ಆ ವರ್ಷ ಚೆನ್ನಾಗಿ ಕಾಯಿ ಬಿಟ್ಟಿತು.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ಆದರೆ ಒಂದು ಸಂಜೆ ಹೆಂಡತಿ ನನ್ನ ತಲೆಯ ಗಾಯದ ಗುರುತಿಗೆ ಕೊಬ್ಬರಿ ಎಣ್ಣೆ ಹಚ್ಚಲು ಬಗ್ಗಿದಳು. ಆಕೆಯ ಮೈಯಿಂದ, ಮುಡಿದ ಮಲ್ಲಿಗೆಯಿಂದ, ಸೀರೆಯ ಸೆರಗಿನಿಂದ ಅದೇ ನಾತ. ಆಸ್ಪತ್ರೆಯಲ್ಲಿ ನನ್ನ ಮಲಮೂತ್ರ ಬಳಿದ ಹೆಂಗಸು. ಒಂದು ದಿನವೂ ಮೂಗು ಮುಚ್ಚಿದವಳಲ್ಲ. ನಾನು ಆಕೆಯ ಕೈ ಸರಿಸಿ ಎದ್ದುಬಿಟ್ಟೆ.

‘ಯಾಕ್ರಿ, ನೋವಾತೇನು?’

‘ಇಲ್ಲ. ಸೆಕಿ ಆಗಾಕ್ಹತ್ತೇತಿ.’

ಅದು ಮಾಘ ಮಾಸ. ಜನ ಸ್ವೆಟರ್ ಹಾಕಿಕೊಂಡು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ನಾನು ಸೆಕೆಯೆಂದು ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಬಂದೆ.

ಹೇಳಬಹುದಿತ್ತು. ಆದರೆ ಏನಂತ ಹೇಳುವುದು? ಇಪ್ಪತ್ತೆರಡು ವರ್ಷ ಜೊತೆಗಿದ್ದವಳಿಗೆ, ನೀನು ಸತ್ತ ಇಲಿಯ ಹಾಗೆ ನಾರುತ್ತೀ ಅಂತಲೇ? ಹೇಳಿದರೆ ಬಿಟ್ಟು ಹೋಗುತ್ತಾಳೆಂಬ ಚಿಂತೆ. ನಾನು ಹೇಳಲಿಲ್ಲ. ಆಕೆ ಆಕೆಯಷ್ಟಕ್ಕೆ ಲೆಕ್ಕ ಹಾಕಿದಳು: ಗಂಡನಿಗೆ ಅಡಿಗೆ ಸೇರುತ್ತಿಲ್ಲ. ಒಗ್ಗರಣೆಗೆ ಇಂಗು ಜಾಸ್ತಿ ಬಿತ್ತು, ಬೆಳ್ಳುಳ್ಳಿ ಎರಡು ಪಟ್ಟಾಯಿತು. ಆಮೇಲೆ ಸಾಬೂನು ಬದಲಾಯಿತು, ಜಡೆಗೆ ಇನ್ನೊಂದು ಮೊಳ ಮಲ್ಲಿಗೆ ಏರಿತು. ಆಕೆ ಹತ್ತಿರ ಬರಲು ಮಾಡಿದ್ದೆಲ್ಲ ನನ್ನನ್ನು ಬಾಗಿಲಾಚೆ ದಬ್ಬುತ್ತಿತ್ತು. ಕೊನೆಗೆ ಆಕೆ ಹೊಲಿಗೆ ಮಷಿನ್ ಮುಂದೆ ಕೂತು ತುಳಿಯುವ ಸದ್ದೊಂದೇ ಮನೆಯಲ್ಲಿ ಕೇಳುತ್ತಿತ್ತು.

ಮುಂಡರಗಿಯಿಂದ ಆಕೆಯ ಅಕ್ಕ ಬಂದರು. ಬರುವಾಗಲೇ ಕಾರಣ ಗೊತ್ತುಮಾಡಿಕೊಂಡು ಬಂದಿದ್ದರು.

‘ತೆಲಿಗೆ ಪೆಟ್ಟು ಬಿದ್ದವರಿಗೆ ಮದಲ ಹೇಂತಿ ಮ್ಯಾಲೆ ಬ್ಯಾಸರಾಕ್ಕೇತಂತ. ನಮ್ಮ ಓಣ್ಯಾಗೂ ಒಬ್ಬಾವ ಹಂಗ ಆಗ್ಯಾನ,’ ಎಂದು ಅಡಿಗೆಮನೆಯಲ್ಲಿ, ನನಗೆ ಕೇಳುವಷ್ಟು ಮೆಲ್ಲಗೆ ಹೇಳಿದರು. ‘ನಾಕ ದಿನ ನನ್ನ ಕೂಡ ಬಾ. ನಾಳೆ ಅಮಾಸಿ, ದೃಷ್ಟಿ ತಗದು ಹೋಗೂಣು.’

ಮರುದಿನ ಹೆಂಡತಿಯ ಚೀಲ ಬಾಗಿಲ ಬದಿಗೆ ಬಂದು ಕೂತಿತು. ಅದರ ಮೇಲೆ ಹೊಲಿಗೆಯ ಕತ್ತರಿ ಇಟ್ಟಿದ್ದಳು. ನಾಲ್ಕು ದಿನಕ್ಕೆ ಹೋಗುವವರು ಹೊಲಿಗೆಯ ಕತ್ತರಿ ಒಯ್ಯುವುದಿಲ್ಲ.

ದೃಷ್ಟಿ ತೆಗೆಯುವ ರೀತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಣ ಮೆಣಸಿನಕಾಯಿ, ಉಪ್ಪು, ಸಾಸಿವೆ, ಕಸಬರಿಗೆಯ ನಾಲ್ಕು ಕಡ್ಡಿ ಮುಖದ ಸುತ್ತ ಇಳಿಸಿ ಕೆಂಡಕ್ಕೆ ಹಾಕುವುದು. ಮೂಗಿಗೆ ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ಬಿದ್ದಿತ್ತು, ಈಗ ಹೋಯಿತು ಎಂದರ್ಥ. ಕೆಮ್ಮು ಬಂದರೆ ಏನೂ ಆಗಿರಲಿಲ್ಲ ಎಂದರ್ಥ. ಆದ್ದರಿಂದ ಕೆಮ್ಮುವುದು ಮರ್ಯಾದೆಯಲ್ಲ. ಯಾವ ಮನೆಯಲ್ಲೂ ಘಾಟು ಬಂದದ್ದನ್ನು ನಾನು ನೋಡಿಲ್ಲ. ಅದಕ್ಕೆ ಕಾರಣ ದೇವರಲ್ಲ, ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಬಹಳ, ಖಾರ ಕಡಿಮೆ. ಆದರೆ ಅಂದು ನಮ್ಮ ಡಬ್ಬಿಯಲ್ಲಿ ಬ್ಯಾಡಗಿ ಮುಗಿದಿತ್ತು. ಅಕ್ಕನವರು ಕೈಗೆ ಸಿಕ್ಕ ಗುಂಟೂರು ಮೆಣಸಿನಕಾಯಿಯನ್ನೇ ಒಂದು ಹಿಡಿ ತೆಗೆದುಕೊಂಡರು.

ಬಚ್ಚಲ ಒಲೆಯ ಕೆಂಡ ಹಂಚಿನಲ್ಲಿ ಬಂತು. ನನ್ನನ್ನು ಪೂರ್ವಕ್ಕೆ ಕೂರಿಸಿ ಇಳಿಸಿದರು, ಹಾಕಿದರು. ಹೊಗೆ ಎದ್ದಿತು. ಅಕ್ಕನವರ ಕಣ್ಣಿನಿಂದ ನೀರು ಸುರಿಯಿತು, ಕತ್ತಿನ ನರ ಉಬ್ಬಿತು. ಆದರೂ ಉಸಿರು ಹಿಡಿದೇ ಅಂದರು: ‘ನೋಡ... ಘಾಟ... ಇಲ್ಲ! ಎಷ್ಟ ದೃಷ್ಟಿ ಆಗಿತ್ತ ನೋಡ!’ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ತಲೆಯಾಡಿಸಿದಳು.

ನನಗೆ ಮಾತ್ರ ಘಾಟು ಬಂತು. ಇಲಿಯಲ್ಲ, ಟೈರಲ್ಲ. ಮೂಗಿನ ಹೊಳ್ಳೆಯಿಂದ ನೆತ್ತಿಗೆ ಸೂಜಿ ಚುಚ್ಚಿದಂತೆ ಅಪ್ಪಟ ಮೆಣಸಿನಕಾಯಿ. ಎಷ್ಟು ದಿನದ ಮೇಲೆ ಒಂದು ವಸ್ತು ತನ್ನ ಹಾಗೇ ಇತ್ತು! ನಾನು ಕೆಮ್ಮಿದೆ, ಸೀನಿದೆ, ಸಿಂಬಳ ಸುರಿಸಿದೆ, ಹಂಚಿನ ಮೇಲೆ ಇನ್ನಷ್ಟು ಬಗ್ಗಿದೆ.

‘ಅಯ್ಯ, ಕೆಮ್ಮಬ್ಯಾಡ್ರಿ! ಎಲ್ಲಾ ಹಾಳಾಗತೈತಿ!’

‘ಬಂತ್ರೀ ಅಕ್ಕಾರ, ಘಾಟ ಬಂತು! ಖರೇನ ಮೆಣಸಿನಕಾಯಿ ಐತಿ ಇದು!’

‘ಮತ್ತೇನು ಬದನಿಕಾಯಿ ಹಾಕಿದ್ವೇನು?’

‘ಬದನಿಕಾಯಿ ಸತ್ತ ಇಲಿ ಆಗೇತ್ರಿ! ಉಳ್ಳಾಗಡ್ಡಿ, ಚಹಾ, ಎಲ್ಲಾ ಸತ್ತ ಇಲಿ...’

ಬಾಯಿ ನಿಲ್ಲಲಿಲ್ಲ. ಇಷ್ಟು ದಿನ ಬಾಯಿಗೆ ಹಾಕಿಕೊಂಡಿದ್ದ ಅಗಳಿ ಕಳಚಿತ್ತು. ಪೇರಲ ಗಿಡದ ವಿಷಯವೂ ಹೊರಬಿತ್ತು. ಹೆಂಡತಿ ಬಾಯಿಂದ ಸೆರಗು ತೆಗೆದಳು.

‘ನಾನೂ?’

ಸುಳ್ಳು ಹೇಳಲು ಸಾಕಷ್ಟು ಸಮಯವಿತ್ತು.

‘ನೀನೂ,’ ಎಂದೆ. ‘ಮಲ್ಲಿಗಿ ಮುಡದ್ರ ಇನ್ನಷ್ಟು.’

ಆಕೆ ತುರುಬಿನಿಂದ ಮಲ್ಲಿಗೆ ಕಿತ್ತು ಹಂಚಿನೊಳಕ್ಕೆ ಎಸೆದಳು. ‘ನಿಮಗ ನಾ ಬ್ಯಾಡಾದೆ ಅಂತ ತಿಂಗಳಗಟ್ಲೆ ಅತ್ತೇನ್ರಿ ನಾನು. ಮೂರು ನಮೂನಿ ಸಾಬಾಣ ತಂದೆ. ಇಲಿ ಅಂತ ಅನ್ನಾಕ ನಿಮಗೇನು ಧಾಡಿ ಆಗಿತ್ತು? ಇಲಿ ಹಿಡಿಯೂ ಬೋನರ ತರತಿದ್ದೆ!’

ಆಮೇಲೆ ತಡೆಹಿಡಿದಿದ್ದ ಕೆಮ್ಮೆಲ್ಲ ಒಮ್ಮೆಗೇ ಬಂತು ಆಕೆಗೆ. ಕೆಮ್ಮಿನ ನಡುವೆ ಅತ್ತಳೋ ನಕ್ಕಳೋ ಹೊಗೆಯಲ್ಲಿ ನನಗೆ ಕಾಣಲಿಲ್ಲ.

ಅಕ್ಕನವರು ಮಧ್ಯಾಹ್ನದ ಬಸ್ಸಿಗೆ ಒಬ್ಬರೇ ಹೊರಟರು. ದೃಷ್ಟಿ ತೆಗೆದದ್ದಕ್ಕೇ ನಾನು ಬಾಯಿ ಬಿಟ್ಟೆನೆಂದು ಮುಂಡರಗಿಯಲ್ಲಿ ಇಂದಿಗೂ ಹೇಳುತ್ತಾರಂತೆ. ಕತ್ತರಿ ಮತ್ತೆ ಮಷಿನ್ ಮೇಲೆ ಬಂತು.

ಡಾಕ್ಟರಿಗೆ ಹೇಳಿದಾಗ, ದಿನಕ್ಕೆರಡು ಸಲ ನಾಲ್ಕು ಬೇರೆ ಬೇರೆ ವಾಸನೆ ಮೂಸಿ ಮೂಗಿಗೆ ಪಾಠ ಹೇಳಿ ಎಂದರು. ಈಗ ಬೆಳಿಗ್ಗೆ ಹೆಂಡತಿ ನಾಲ್ಕು ಡಬ್ಬಿ ಹಿಡಿದು ಕೂರುತ್ತಾಳೆ: ಲವಂಗ, ನಿಂಬೆ, ಏಲಕ್ಕಿ, ಬೇವಿನೆಲೆ. ಮೂರು ಈಗಲೂ ಅಸಹ್ಯ. ನಿಂಬೆ ಮಾತ್ರ ವಾರಕ್ಕೊಮ್ಮೆ ನಿಂಬೆಯಾಗುತ್ತದೆ. ಐದನೆಯದಾಗಿ ಆಕೆ ತನ್ನ ಮುಂಗೈಯನ್ನು ನನ್ನ ಮೂಗಿಗೆ ಹಿಡಿಯುತ್ತಾಳೆ. ಇದನ್ನು ಡಾಕ್ಟರು ಹೇಳಿಲ್ಲ.

‘ಇವತ್ತ ಏನ್ರಿ?’

‘ಇಲಿ.’

‘ಎಷ್ಟ ದಿನದ್ದು?’

ಮೊದಲೆಲ್ಲ ವಾರದ್ದು ಎನ್ನುತ್ತಿದ್ದೆ. ಮೊನ್ನೆ ಕಣ್ಣು ಮುಚ್ಚಿ ಮೂಸಿದೆ. ಓಕರಿಕೆ ಬಂತು, ಬರಲಿಲ್ಲವೆಂದು ಹೇಳಲಾರೆ. ಆದರೂ ಕೈ ಬಿಡದೆ ಇನ್ನೊಮ್ಮೆ ಮೂಸಿದೆ.

‘ನಿನ್ನೆ ಸತ್ತಿರಬೇಕು.’

‘ಅಡ್ಡಿ ಇಲ್ಲ,’ ಎಂದಳು ಡಬ್ಬಿಗಳ ಮುಚ್ಚಳ ಹಾಕುತ್ತಾ. ‘ಹಿಂಗ ನಡದ್ರ ದೀಪಾವಳಿಗೆ ಜೀವ ಬರತೈತಿ.’

ನನ್ನ ಹಾಸಿಗೆ ಪಡಸಾಲೆಯಿಂದ ನಮ್ಮ ಕೋಣೆಯ ಹೊಸ್ತಿಲ ತನಕ ಬಂದಿದೆ. ತಲೆ ಇನ್ನೂ ಹೊರಗೆ, ಕಾಲು ಒಳಗೆ.