ಮಿಂಚುಳ್ಳಿಯ ಕೊಕ್ಕು

ಕುಂದಲಹಳ್ಳಿಯಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಐಟಿ ಗೆಳೆಯ, ಥೇಟ್ ಜೀವಂತ ಕಾಣುವ ಮಿಂಚುಳ್ಳಿಯನ್ನು ಮರದಲ್ಲಿ ಕೆತ್ತಲು ಹೊರಟ. ಮೂರು ವಾರ ಲ್ಯಾಪ್‌ಟಾಪಿನಲ್ಲಿ ಅದರ ಪ್ಲಾನಿನ ಸ್ಲೈಡು ಮಾಡಿದ. ನಿಜವಾದ ಮಿಂಚುಳ್ಳಿ ನೋಡಲು ಕೆರೆಯ ಕಡೆ ತಲೆ ಹಾಕಲಿಲ್ಲ. ಇದ್ದದ್ದು ಮನೆ ಮಾಲೀಕರು ಕೊಟ್ಟ ಒಂದೇ ಮರದ ತುಂಡು. ಅದರ ಮೇಲೆ ಉದ್ದನೆಯ ಕೊಕ್ಕನ್ನು ಮರದ ನಾರಿಗೆ ಅಡ್ಡವಾಗಿ ಬರೆದ.

“ಮುರಿಯುತ್ತೆ ಕಣೋ. ಕೊಕ್ಕು ನಾರಿನ ಉದ್ದಕ್ಕೇ ಬರ್ಬೇಕು,” ಎಂದೆ.

“ರಿವ್ಯೂ ಮುಗಿದಿದೆ ಮಗಾ. ಈಗ ಚೇಂಜ್ ಮಾಡಕ್ಕಾಗಲ್ಲ.”

ರಿವ್ಯೂ ಮಾಡಿದವರು ಅವನ ಟೀಮಿನ ನಾಲ್ವರು. ಉಳಿಯನ್ನು ಫೋಟೊದಲ್ಲಷ್ಟೇ ಕಂಡವರು. ಬಹುಮತ ಬಂತೆಂದು ಮರದ ನಾರು ದಿಕ್ಕು ಬದಲಿಸುತ್ತದೆಯೇ ಎಂದು ಕೇಳಿದೆ. ನಿನ್ನದು ಡಿಬೇಟ್ ಚಟ ಎಂದು ನಕ್ಕ.

ಕೊಕ್ಕು ತೆಳ್ಳಗಾಗುತ್ತಿದ್ದಂತೆ ಬುಡದಲ್ಲೇ ಮುರಿದುಬಿತ್ತು. ಅವನು ತುಸುವೂ ನಾಚದೆ ಹೇಳಿದ: “ಗುಬ್ಬಚ್ಚಿ ಮಾಡ್ಬಿಡೋಣ ಗುರು. ಅದಕ್ಕೆ ಕೊಕ್ಕು ಚಿಕ್ಕದು.”