ಪೈಲ್ವಾನನ ಪಥ್ಯ

ಕರಾವಳಿ ಬಿಟ್ಟು ಬಂದ ನಾನು ಇಲ್ಲೇ ಮುದುಕಿಯಾದೆ. ಎಪ್ಪತ್ತರ ದಶಕದಲ್ಲಿ ಈ ಹೂವಿನ ಹಿಪ್ಪರಗಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಬಸುರಿಯರನ್ನು ನೋಡುವ ದಿನ ಒಬ್ಬ ಪೈಲ್ವಾನ ಬಂದು ಅವರ ನಡುವೆಯೇ ಬಾಕಿನ ಮೇಲೆ ಕುಳಿತ.

"ನಿನಗ ಎಷ್ಟ ತಿಂಗಳ ಆತೋ ತಮ್ಮಾ?" ಎಂದಳು ಪಕ್ಕದಲ್ಲಿದ್ದ ಬಸುರಿ ಮಲ್ಲವ್ವ.

ಅವನು ನಗಲಿಲ್ಲ, ನನ್ನ ಕಡೆ ತಿರುಗಿದ. "ಅಕ್ಕಾರ, ಹೊಟ್ಟಿ ಕಲ್ಲಾಗೇತ್ರಿ. ಹೊರಕಡಿಗಿ ಹೋಗಾಕ ಆಗವಲ್ದು. ಬರೂ ಐತವಾರ ಕುಸ್ತಿ ಐತಿ, ಬಗ್ಗಾಕ ಬರವಲ್ದು," ಎಂದ.

ಏನು ತಿನ್ನುತ್ತೀಯೆಂದು ಕೇಳಿದೆ. ಹಾಲು, ತುಪ್ಪ, ಬದಾಮಿ, ಅಷ್ಟೇ. ರೊಟ್ಟಿ ತಿಂದರೆ ಮೈ ಜಡವಾಗುತ್ತದೆ, ಸೊಪ್ಪು ತಿಂದರೆ ಕಸುವು ಇಳಿಯುತ್ತದೆ ಎಂದು ಅವನಿಗೆ ಕುಸ್ತಿ ಕಲಿಸುವ ಉಸ್ತಾದರು ಹೇಳಿದ್ದರಂತೆ.

"ನಮ್ಮ ಎತ್ತ ಮೇವ ತಿಂದ ಇಷ್ಟ ಗಟ್ಟಿ ಅದಾವ. ಅವಕ್ಕೂ ಬದಾಮಿ ಹಾಕೂಣೇನು?" ಎಂದಳು ಮಲ್ಲವ್ವ.

ಹಾಲು ಕುಡಿ, ಆದರೆ ರೊಟ್ಟಿ, ಬೇಳೆ, ಸೊಪ್ಪು, ನೀರು ಎಲ್ಲವೂ ಬೇಕು ಎಂದೆ.

"ಉಸ್ತಾದರಿಗೆ ಗೊತ್ತಾದ್ರ ಗರಡಿ ಬಿಡಸ್ತಾರ್ರಿ."

ಮಲ್ಲವ್ವ ತನ್ನ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ ಕೊಟ್ಟಳು. "ಪರದೆ ಹಿಂದ ಕುಂತ ತಿನ್ನು. ಐತವಾರದ ತನಕ ದಿನಾ ನಮ್ಮ ಮನಿಗಿ ಬಾ. ನಿಮ್ಮ ಉಸ್ತಾದ ಬಂದ್ರ ಅವಗೂ ಎಷ್ಟ ತಿಂಗಳ ಅಂತ ಕೇಳ್ತೇನಿ."

ದಿನಾ ಅವಳ ಮನೆಯಲ್ಲಿ ಉಂಡ ಅವನು ಐತವಾರ ಗೆದ್ದ. ಬದಾಮಿ ಹಾಲಿನ ಬಲ ನೋಡಿರೆಂದು ಉಸ್ತಾದರು ಊರಿಗೆಲ್ಲ ಸಾರಿದರು. ಪೈಲ್ವಾನ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದ. ಮರುದಿನದಿಂದ ಗರಡಿಯ ಎಲ್ಲ ಹುಡುಗರಿಗೂ ರೊಟ್ಟಿ ನಿಷೇಧವಾಯಿತು. ನಾನು ಹರಳೆಣ್ಣೆ ಸ್ವಲ್ಪ ಹೆಚ್ಚಿಗೆ ತರಿಸಿಟ್ಟುಕೊಂಡೆ.